ತಿಪ್ಪೆಯ ಪರೀಕ್ಷೆ

ನೂರೆಂಬತ್ತೇ ದಿನ ಮೇಡಂ, ಅಂದ
ಬಾಟಲಿ ಏಜೆಂಟು ಅಲ್ತಾಫ್, ಎದೆ ಮುಟ್ಟಿಕೊಂಡು,
ಆಮೇಲೆ ಇದು ಮಣ್ಣು.
ಮುಸುಕಿನ ಜೋಳದ್ದು, ಬೇಕಾದರೆ ಕಚ್ಚಿ ನೋಡಿ.
ಕಚ್ಚಲಿಲ್ಲ. ಮೂಸಿದೆ.
ಜೋಳದ ವಾಸನೆ ಇರಲಿಲ್ಲ, ಪ್ಲಾಸ್ಟಿಕ್ಕಿನದೂ ಇರಲಿಲ್ಲ,
ಯಾವ ಊರಿನದೂ ಅಲ್ಲದ ವಾಸನೆ.

ಅರಸೀಕೆರೆಯಲ್ಲಿ ನಾವು ಕಾಯನ್ನು
ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವವರು.
ಒಳಗೇ ಬಿಟ್ಟುಕೊಂಡು ಲೊಟಲೊಟ ಅಂದರೆ
ಆಯಿತು, ಕೊಬ್ಬರಿ.
ಬಾಟಲಿಯನ್ನೂ ಹಾಗೇ ಅಲ್ಲಾಡಿಸಿದೆ,
ಅಭ್ಯಾಸಬಲ.

ನಾನು ಇದಕ್ಕೆ ಕೈಹಾಕಿದ್ದು ಪುಣ್ಯಕ್ಕಲ್ಲ.
ಹೋದ ವರ್ಷ ಕೆರೆ ಕೋಡಿಯ ಬಾಯಲ್ಲಿ
ನಮ್ಮದೇ ಬಾಟಲಿ ಸಿಕ್ಕಿತ್ತು.
ಎಣ್ಣೆ ಎಂದೋ ಯಾರದೋ ನೆತ್ತಿಗಿಳಿದು
ಜಡೆಯಾಗಿ, ಬಾಚಣಿಗೆಯಲ್ಲಿ ಉದುರಿ ಹೋಗಿತ್ತು.
ಕೆಸರಿನಿಂದ ತಲೆಯೆತ್ತಿ ಕೂತಿತ್ತು ಹೆಸರು:
ಗಂಗಾಂಬಿಕಾ ಗಾಣದೆಣ್ಣೆ.
ಅಮ್ಮನನ್ನು ಕೂರಿಸಿ, ವಿಭೂತಿ ಇಟ್ಟು,
ಮಣ್ಣು ಮಾಡಿ ಹನ್ನೆರಡು ವರ್ಷ.
ಅವಳು ಮಣ್ಣಾದಳು.
ಹೆಸರು ಆಗಲಿಲ್ಲ.

ಎರಡು ಬಾಟಲಿ ಹೂತೆ.
ಒಂದು ಕರಿಬೇವಿನ ಬುಡಕ್ಕೆ, ನೆರಳಲ್ಲಿ.
ಒಂದು ಗಾಣದ ಹಿಂದಿನ ತಿಪ್ಪೆಯ ಹೊಟ್ಟೆಗೆ,
ಸಗಣಿ, ಸೊಪ್ಪು, ಹಿಂಡಿಯ ಪುಡಿ
ಹಗಲೂ ರಾತ್ರಿ ಹೊಗೆಯಾಡುವಲ್ಲಿ.
ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ
ತಾರೀಖು ಬರೆದೆ, ಸಾಲ ಕೊಟ್ಟಂತೆ.

ಮೈದುನ ಮರುಳಸಿದ್ಧ ಕೂಡಿ ಕಳೆದ.
ಹಳೇದು ಮೂರೂವರೆ, ಇದು ಹನ್ನೊಂದು.
ಅಂದರೆ ಅತ್ತಿಗೆ, ಒಂದೊಂದು ಬಾಟಲಿಗೂ
ಏಳೂವರೆ ರೂಪಾಯಿ ಮರ್ಯಾದೆ.

ಯುಗಾದಿ ಕಳೆದ ವಾರ ಮೊದಲ ಲಾಟು ಬಂತು.
ತಗಡಿನ ಮೈಯ ಟೆಂಪೋ ರೈಲ್ವೆ ಗೇಟಿನ ಆಚೆ ಕೆಟ್ಟು
ಮಧ್ಯಾಹ್ನವಿಡೀ ಬಿಸಿಲಲ್ಲಿ ಬೆಂದಿತ್ತು.
ಡಬ್ಬ ಬಿಚ್ಚಿದರೆ
ಇನ್ನೂರೂ ಸೊಂಟ ಬಾಗಿಸಿ,
ಒಂದರ ಹೆಗಲಿಗೊಂದು ತಲೆ ಆನಿಸಿ,
ಮದುವೆ ಮನೆಯಲ್ಲಿ ತೂಕಡಿಸುವ ಮುದುಕರು.
ಒಂದೂ ಒಡೆದಿರಲಿಲ್ಲ. ಒಂದೂ ನೆಟ್ಟಗಿರಲಿಲ್ಲ.
ಲೇಬಲ್ಲು ಅಂಟಿಸುವ ರತ್ನಾಬಾಯಿ
ಒಂದನ್ನು ಎತ್ತಿ, ತಿರುಗಿಸಿ, ಕೇಳಿದಳು:
ಅಕ್ಕಾ, ಇದರ ಬೆನ್ನು ಯಾವುದು?
ನಕ್ಕು ನಕ್ಕು ಇಬ್ಬರಿಗೂ ಕಣ್ಣಲ್ಲಿ ನೀರು.
ಆಮೇಲೆ ನನಗೊಬ್ಬಳಿಗೇ.

ನೂರೆಂಬತ್ತನೆಯ ದಿನ ಮೋಡ ಕವಿದಿತ್ತು.
ಕರಿಬೇವಿನ ಬುಡ ಕೆದಕಿದೆ.
ಹೋದ ಹಾಗೇ ಇತ್ತು ಪುಣ್ಯಾತ್ಗಿತ್ತಿ,
ಇರುವೆ ಕೂಡ ರುಚಿ ನೋಡಿರಲಿಲ್ಲ.
ಬೇರೊಂದು ಮಾತ್ರ ಬಂದು ಕೊರಳು ಸುತ್ತಿತ್ತು.
ಬಿಡಿಸಲು ಮನಸ್ಸಾಗದೆ ಮಣ್ಣೆಳೆದೆ.

ತಿಪ್ಪೆಗೆ ಗುದ್ದಲಿ ಹಾಕಿದರೆ ಮುಖಕ್ಕೆ ಹಬೆ.
ಬಾಟಲಿ ಇಲ್ಲ.
ಹಪ್ಪಳದ ಚೂರಿನಂಥ ನಾಲ್ಕೈದು ಬಿಳಿ ತುಣುಕು,
ಬೆರಳಲ್ಲಿ ಹಿಸುಕಿದರೆ ಹುಡಿ.
ಮಂಡಿಯೂರಿ ಕೂತುಬಿಟ್ಟೆ, ದೇವರ ಮುಂದೆ ಕೂತಂತೆ.
ಗೊಬ್ಬರದ ಆ ಕಾವು
ಅಡುಗೆ ಮನೆಯಲ್ಲಿ ಅಮ್ಮ ಎದ್ದು ಹೋದ ಮಣೆಯ ಕಾವು.
ಕೈಗೆ ಏನೋ ಗಟ್ಟಿ ತಗುಲಿತು.
ನೀಲಿ ಮುಚ್ಚಳ.
ತೊಳೆದರೆ ಫಳಫಳ.

ಅಲ್ತಾಫ್‌ಗೆ ಫೋನು ಮಾಡಿದೆ.
ಮುಚ್ಚಳ ಬೇರೆ ಕಂಪನಿದು ಮೇಡಂ, ಅಂದ,
ಬಹಳ ಸಣ್ಣ ದನಿಯಲ್ಲಿ.

ಆದರೂ ಮುನ್ನೂರಕ್ಕೆ ಆರ್ಡರು ಕೊಟ್ಟಿದ್ದೇನೆ,
ರಾತ್ರಿ ಟೆಂಪೋದಲ್ಲಿ ಕಳಿಸುವ ಕರಾರಿನ ಮೇಲೆ.
ಲೇಬಲ್ಲಿಗೆ ಮಾತು ನಾನೇ ಬರೆದೆ:
ಬಿಸಿಲಲ್ಲಿ ಇಡಬೇಡಿ.
ಮುಚ್ಚಳ ವಾಪಸು ತನ್ನಿ.
ಬಿಸಿ ತಿಪ್ಪೆಯಲ್ಲಿ ಹೂತರೆ, ಬಹುಶಃ, ಮಣ್ಣಾಗುತ್ತದೆ.

ಪ್ರೆಸ್ಸಿನ ಹುಡುಗ ಎರಡು ಸಲ ಓದಿಕೊಂಡ.
'ಬಹುಶಃ' ತೆಗೀಲಾ ಮೇಡಂ? ಗಿರಾಕಿ ಹೆದರ್ತಾರೆ.
ಇರಲಿ ಅಂದೆ,
ಅಮ್ಮನ ಹೆಸರಿನ ಕೆಳಗೇ,
ಅದೇ ಸೈಜಿನಲ್ಲಿ.